ಒಂದು ಗಸಿಗೆ ಸಾಕು

ಹದಿನೈದು ದಾಟಿ ಇಪ್ಪತ್ತೈದು ಮುಟ್ಟದ ಹುಡುಗ ಹುಡುಗಿಯರೆಲ್ಲ ತಮ್ಮ ಬದುಕಿನಿಂದ ಎಷ್ಟು ತೃಪ್ತರಾಗಿದ್ದಾರೆ ಎಂಬುದು, ಅವರು ಬಾಯಿ ತೆರೆಯುವ ಮೊದಲೇ ಒಂದು ಗೋಡೆಯ ಮೇಲೆ ಕಾಣಿಸುವಂತಿದ್ದರೆ?

ಅಂಥದೊಂದು ಗೋಡೆ ಮಂಗಳೂರಿನಲ್ಲಿತ್ತು. ಹರಿಣಾಕ್ಷಿ ತಿಂಗಳಾಯ ದಿನಕ್ಕೆ ಎಂಟು ಗಂಟೆ ಅದರ ಎದುರು ಕೂರುತ್ತಿದ್ದಳು.

ಗೋಡೆ ಎಂದರೆ ನಕ್ಷೆ, ನಕ್ಷೆಯ ತುಂಬ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ಕೈಗೆ ಕಟ್ಟಿದ ಪಟ್ಟಿಯಿಂದ ಬರುವ ಸುದ್ದಿ. ಸರಕಾರದ ಕಾಗದದಲ್ಲಿ ಆ ಪಟ್ಟಿಗೆ ತೃಪ್ತಿಮಾಪಕ ಎಂದು ಹೆಸರು, ಊರಿನವರ ಬಾಯಲ್ಲಿ ಬಳೆ. ನಾಡಿ, ಬೆವರು, ನಿದ್ದೆ, ಮಾತಿನ ಏರಿಳಿತ ಎಲ್ಲವನ್ನೂ ಓದಿ ಅದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡುತ್ತಿತ್ತು. ಆರು ದಾಟಿದರೆ ಹಸಿರು, ನಾಲ್ಕಕ್ಕಿಂತ ಕೆಳಗಿಳಿದರೆ ಕೆಂಪು, ನಡುವಿನದು ಹಳದಿ. ಬದುಕು ಸಪ್ಪೆಯಾದ ಹುಡುಗರೇ ಅಪಾಯಕ್ಕೆ ಕೈ ಹಾಕುತ್ತಾರೆ, ಕುಡಿದು ಬೈಕು ಓಡಿಸುವುದು, ಎತ್ತರದಿಂದ ನೀರಿಗೆ ಹಾರುವುದು, ಇನ್ನೂ ಕೆಟ್ಟದ್ದು ಎಲ್ಲವೂ ಅಲ್ಲಿಂದಲೇ ಶುರು ಎಂಬ ಒಂದೇ ಒಂದು ವಾಕ್ಯದ ಮೇಲೆ ಹನ್ನೊಂದು ದೇಶಗಳ ಈ ಯೋಜನೆ ನಿಂತಿತ್ತು. ಹಾಗಾಗಿ ಕೆಂಪಾದವನ ಸ್ಕೂಟರು ಸ್ಟಾರ್ಟ್ ಆಗುತ್ತಿರಲಿಲ್ಲ. ಅವನು ಹತ್ತಿದ ದೋಣಿಯ ಎಂಜಿನ್ನೂ ಅಷ್ಟೆ. ಮೂರು ದಿನ ಸತತವಾಗಿ ಎರಡಕ್ಕಿಂತ ಕೆಳಗಿದ್ದರೆ ಸಂಜೆ ಐದಕ್ಕೆ ಬಿಳಿ ವ್ಯಾನು ಬಂದು ಅವನನ್ನು ಇಪ್ಪತ್ತೊಂದು ದಿನದ ಮಟ್ಟಿಗೆ ಆರೈಕೆ ಮನೆಗೆ ಕರೆದೊಯ್ಯುತ್ತಿತ್ತು. ಅಲ್ಲಿಂದ ಬಂದವರು ಕೆಡುವುದೂ ಇಲ್ಲ, ಮೊದಲಿನಂತಾಗುವುದೂ ಇಲ್ಲ ಎಂದು ಜನ ಹೇಳುತ್ತಿದ್ದರು.

ಜುಲೈ ತಿಂಗಳ ಆ ಬೆಳಿಗ್ಗೆ ಕರಾವಳಿಯ ನಕ್ಷೆಯಲ್ಲಿ ಒಂದು ಕಡೆ ಕುಂಕುಮ ಚೆಲ್ಲಿದಂತೆ ಕಾಣುತ್ತಿತ್ತು.

"ಎಂತ ಹರಿಣಾಕ್ಷಿ, ನಿಮ್ಮ ಊರಿನ ಬಾವಿಗೆ ಯಾರಾದ್ರೂ ಎಂತಾದ್ರೂ ಹಾಕಿದ್ದಾರಾ?" ಎಂದು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಲಸ್ರಾದೊ ಚಕ್ಕುಲಿಯ ಡಬ್ಬಿ ಹಿಡಿದುಕೊಂಡೇ ಬಂದು ನಿಂತರು. "ಅರವತ್ತಮೂರು ಬಳೆ, ಐವತ್ತೆಂಟು ಕೆಂಪು. ಯುದ್ಧ ಆದ ಊರಲ್ಲೂ ಇಷ್ಟು ಕೆಂಪು ಇಲ್ಲ ಮಾರಾಯ್ರೆ."

ನಡುಗುದ್ರು ನದಿ ಮತ್ತು ಸಮುದ್ರದ ನಡುವೆ ಸಿಕ್ಕಿಕೊಂಡ ಮರಳಿನ ದ್ವೀಪ. ಹರಿಣಾಕ್ಷಿ ಹುಟ್ಟಿದ್ದು ಅಲ್ಲಿ. ಎರಡು ತಿಂಗಳ ಹಿಂದೆ ಅಲ್ಲಿನ ಹುಡುಗರಿಗೆ ಬಳೆ ಕಟ್ಟುವ ಕೆಲಸವನ್ನೂ ಊರಿನವಳು ಎಂಬ ಕಾರಣಕ್ಕೆ ಇವಳಿಗೇ ಕೊಟ್ಟಿದ್ದರು. ಗೋಡೆಯ ಮೇಲೆ ಹೆಸರುಗಳಿಲ್ಲ, ಸಂಖ್ಯೆಗಳಷ್ಟೆ. ಆದರೆ ನಾಲ್ಕುನೂರ ಹದಿನೇಳನ್ನು ಅವಳು ಮರೆಯುವುದು ಸಾಧ್ಯವಿರಲಿಲ್ಲ. ಅದನ್ನು ಅವಳು ಕಟ್ಟಿದ್ದು ತನ್ನ ತಮ್ಮ ನಿಶಿತ್‌ನ ಕೈಗೆ.

ನಾಲ್ಕುನೂರ ಹದಿನೇಳು: ಒಂದು ಪಾಯಿಂಟ್ ಎಂಟು. ಮೂರನೆಯ ದಿನ.

ಅವಳು ಫೋನು ಹಚ್ಚಿದಳು. ಸ್ವಿಚ್ ಆಫ್. ಇನ್ನೊಮ್ಮೆ ಹಚ್ಚಿದಳು. ಹತ್ತೊಂಬತ್ತು ವರ್ಷದ ಹುಡುಗ, ಫೋನು ಸ್ನಾನದ ಮನೆಗೂ ಒಯ್ಯುವವನು, ಹಗಲು ಹನ್ನೊಂದು ಗಂಟೆಗೆ ಅದನ್ನು ಬಂದ್ ಮಾಡಿ ಇಟ್ಟಿದ್ದಾನೆ.

"ಸರ್, ಇವತ್ತಿನ ವ್ಯಾನು ನಿಲ್ಲಿಸಲಿಕ್ಕೆ ಆಗ್ತದಾ?"

ಲಸ್ರಾದೊ ಗೋಡೆ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಅವರಿಗೆ ಅರ್ಥವಾಯಿತು. ಸಂಖ್ಯೆಯ ಹಿಂದಿನ ಹೆಸರು ಕೇಳುವಂತಿಲ್ಲ ಎಂಬ ನಿಯಮ ಬರೆದವರು ಅವರೇ. ಅವರು ಕೇಳಲಿಲ್ಲ.

"ಯಂತ್ರ ತಪ್ಪು ಅಂತ ಒಂದು ಪುರಾವೆ ಕೊಡಿ, ನಿಲ್ಲಿಸ್ತೇನೆ. ಐದು ಗಂಟೆಯ ಒಳಗೆ. ಆದರೆ ಯಂತ್ರ ಸರಿ ಇದ್ರೆ, ಐದು ಗಂಟೆ ಅನ್ನುವುದು ತಡವಾಗಬಹುದು. ಅದನ್ನೂ ತಲೆಯಲ್ಲಿ ಇಟ್ಕೊಳ್ಳಿ. ಹೋಗಿ, ರಜೆ ಅರ್ಜಿ ನಾನು ಬರ್ಕೊಳ್ತೇನೆ."

ಬಸ್ಸಿನಲ್ಲಿ ಅವಳು ಎರಡನ್ನೂ ಯೋಚಿಸಿದಳು. ಯಂತ್ರ ಸರಿ ಎಂದಾದರೆ ನಿಶಿತ್ ಇವತ್ತು ಏನೋ ಮಾಡಿಕೊಳ್ಳುತ್ತಾನೆ. ತಪ್ಪು ಎಂದಾದರೆ ಏನೂ ಇಲ್ಲದ ಹುಡುಗನನ್ನು ಎಳೆದೊಯ್ಯುತ್ತಾರೆ. ಎರಡಕ್ಕೂ ಮೊದಲ ಗಂಟು ಹಾಕಿದ ಕೈ ಅವಳದೇ.

ಯಂತ್ರ ತಪ್ಪಲು ದಾರಿ ಎಲ್ಲಿ? ಬೇರೆ ಬೇರೆ ದೇಶದವರು ಒಂದೇ ಅಂಕವನ್ನು ಒಂದೇ ಅರ್ಥದಲ್ಲಿ ಹೇಳುವುದಿಲ್ಲ ಎಂದು ಯೋಜನೆ ಮಾಡಿದವರಿಗೆ ಗೊತ್ತಿತ್ತು. ಒಂದು ದೇಶದ ಹುಡುಗರು ಸುಮ್ಮನೆ ಸುಖವಾಗಿದ್ದರೂ ಆರು ಎನ್ನುತ್ತಾರೆ, ಇನ್ನೊಂದು ದೇಶದವರು ಹಲ್ಲುನೋವಿನಲ್ಲೂ ಎಂಟು ಎನ್ನುತ್ತಾರೆ. ಅದಕ್ಕಾಗಿಯೇ ಪ್ರತಿ ದೇಶಕ್ಕೂ ಒಂದು ತಿದ್ದುಪಡಿ ಇತ್ತು. ಅದಕ್ಕಿಂತ ಮುಖ್ಯವಾಗಿ ಪ್ರತಿ ಮೈಗೂ ಒಂದು ಪಾಠವಿತ್ತು. ಬಳೆ ಕಟ್ಟಿದ ಮೊದಲ ಇಪ್ಪತ್ತೊಂದು ದಿನ ಅದು ದಿನಕ್ಕೆ ಮೂರು ಬಾರಿ ಕೇಳುತ್ತಿತ್ತು: ಈಗ ನಿಮ್ಮ ಬದುಕಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ? ಉತ್ತರ ಕೊಟ್ಟಾಗ ಮೈ ಹೇಗಿತ್ತೋ ಅದನ್ನು ಆ ಅಂಕದ ಜೊತೆ ಗಂಟು ಹಾಕಿ ನೆನಪಿಟ್ಟುಕೊಳ್ಳುತ್ತಿತ್ತು. ಆಮೇಲೆ ಪ್ರಶ್ನೆಯೇ ಬೇಡ. ಮೈ ಹಾಗೆ ಆದಾಗಲೆಲ್ಲ ಆ ಅಂಕ. ತೃಪ್ತಿ ಎಂದರೇನು ಎಂದು ನಾವು ಯಾರಿಗೂ ಹೇಳಿಕೊಡುವುದಿಲ್ಲ, ಅವರೇ ನಮಗೆ ಹೇಳಿಕೊಡುತ್ತಾರೆ ಎಂದು ಲಸ್ರಾದೊ ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ತಪ್ಪಲು ದಾರಿಯೇ ಇರಲಿಲ್ಲ.

ನಡುಗುದ್ರಿಗೆ ಸೇತುವೆ ಇಲ್ಲ, ಕಡವಿನ ದೋಣಿ. ದಡದಲ್ಲಿ ಇಪ್ಪತ್ತು ಮೂವತ್ತು ಸ್ಕೂಟರುಗಳು ಟಾರ್ಪಾಲು ಹೊದ್ದು ಸಾಲಾಗಿ ನಿಂತಿದ್ದವು. ಇಬ್ಬರು ಹುಡುಗಿಯರು ಗ್ಯಾಸ್ ಸಿಲಿಂಡರ್ ಇಟ್ಟ ಸ್ಕೂಟರನ್ನು ತಳ್ಳಿಕೊಂಡು ಬರುತ್ತಿದ್ದರು. ಇವಳನ್ನು ಕಂಡು ನಕ್ಕರು.

"ಅಕ್ಕಾ, ನಿಮ್ಮ ಬಳೆಯಿಂದ ತೊಡೆ ಗಟ್ಟಿಯಾಯ್ತು ನೋಡಿ," ಎಂದಳು ಒಬ್ಬಳು.

ಕಡವಿನ ಕಂಬದಲ್ಲಿ ಕೇಂದ್ರದ ಪೋಸ್ಟರು ಮಳೆಗೆ ನೆನೆದು ಉಬ್ಬಿತ್ತು. ಅದರಲ್ಲಿ ಲಿಖಿತಾ ಪುತ್ರನ್ ಎಂಬ ಹುಡುಗಿ ಬಳೆಯ ಕೈ ಎತ್ತಿ ನಗುತ್ತಿದ್ದಳು. ನಡುಗುದ್ರಿನ ಅತಿ ತೃಪ್ತ ಯುವತಿ, ಒಂಬತ್ತು ಪಾಯಿಂಟ್ ಒಂದು. ಬಹುಮಾನ ಪಡೆಯಲು ಒಪ್ಪಿದವರ ಹೆಸರಷ್ಟೇ ಹೀಗೆ ಹೊರಗೆ ಬರುತ್ತಿತ್ತು. ಮನೆಯಲ್ಲಿ ಅಜ್ಜಿ ಮತ್ತು ಅವಳು ಇಬ್ಬರೇ. ಫಿಸಿಯೋಥೆರಪಿ ಓದುತ್ತಾಳೆ, ನಿಶಿತ್‌ನ ಜೊತೆಯಲ್ಲೇ ಹೈಸ್ಕೂಲಿಗೆ ಹೋದವಳು. ಇವನೂ ಹೀಗಿರಬಾರದಿತ್ತೇ ಎಂದುಕೊಂಡು ಹರಿಣಾಕ್ಷಿ ದೋಣಿ ಹತ್ತಿದಳು.

ಮನೆಯಲ್ಲಿ ಅಮ್ಮ ಕಲ್ಯಾಣಿ ಒಣಸಿಗಡಿ ಹುರಿಯುತ್ತಿದ್ದಳು. ಘಾಟು ಜಗಲಿಗೂ ಬಂದಿತ್ತು.

"ಇವತ್ತು ವಾರದ ನಡುವೆ ಬಂದದ್ದು ಎಂತ? ಕೆಲಸದಿಂದ ತೆಗೆದ್ರಾ?"

"ಇಲ್ಲಮ್ಮ. ನಿಶಿ ಎಲ್ಲಿ?"

"ಹಾಗೆಲ್ಲ ಎಲ್ಲಿ ಅಂತ ಕೇಳ್ಬಾರದು. ಹೊರಗೆ ಹೋಗಿದ್ದಾನೆ, ಬರ್ತಾನೆ."

"ಅವನು ಹೇಗಿದ್ದಾನೆ? ಸರಿ ಹೇಳಮ್ಮ. ಊಟ ಮಾಡ್ತಾನಾ? ಮಾತಾಡ್ತಾನಾ?"

"ಹೀಗೇ ಉಂಟು," ಎಂದಳು ಅಮ್ಮ, ಒಲೆಯ ಕಡೆ ತಿರುಗಿ. "ಹೇಳುವ ಹಾಗೆ ಎಂತದೂ ಇಲ್ಲ."

ಯಂತ್ರವೇ ಸರಿ ಇರಬೇಕು ಎನ್ನಿಸಿತು ಹರಿಣಾಕ್ಷಿಗೆ. ಅವಳು ಜಗಲಿಯ ಮೆಟ್ಟಿಲಿನ ಮೇಲೆ ಕೂತಳು.

ಅಪ್ಪ ದೂಮಪ್ಪ ಹೊಳೆಗೆ ಬೀಸುಬಲೆ ಹಾಕಿ ಆಗಷ್ಟೇ ಬಂದಿದ್ದ. ಹಿಂದೆ ಅವನು ತಂಡೇಲ, ನಲವತ್ತು ಜನರ ದೋಣಿ ನಡೆಸಿದವನು. ಈಗ ಮಳೆಗಾಲದಲ್ಲಿ ಸಮುದ್ರಕ್ಕಿಳಿಯುವುದು ನಿಷೇಧವಾದ್ದರಿಂದ ಹೊಳೆಯೇ ಗತಿ. ಬುಟ್ಟಿಯನ್ನು ಬಾಳೆಲೆಯಿಂದ ಮುಚ್ಚಿ ಗೋಡೆಯ ಬದಿಗೆ ಇಟ್ಟ. ಎಲೆಯ ಅಂಚಿನಿಂದ ಕಾಣೆ ಮೀನುಗಳ ಬಾಲಗಳು ಹೊರಗೆ ಇಣುಕುತ್ತಿದ್ದವು. ಬುಟ್ಟಿ ಬಾಯಿಯವರೆಗೆ ತುಂಬಿತ್ತು. ಇಷ್ಟು ಕಾಣೆ ಒಂದೇ ದಿನ ಸಿಕ್ಕಿದ್ದನ್ನು ಹರಿಣಾಕ್ಷಿ ಚಿಕ್ಕಂದಿನಿಂದ ನೋಡಿರಲಿಲ್ಲ.

ಬೇಲಿಯಾಚೆ ನೆರೆಮನೆಯ ಗಿರಿಯಣ್ಣ ಕುಂಟುತ್ತಾ ಹಾದು ಹೋಗುತ್ತಿದ್ದವನು ನಿಂತ.

"ಎಂತ ದೂಮಣ್ಣ, ಹೊಳೆಯಲ್ಲಿ ಮೀನುಂಟಾ?"

"ಎಲ್ಲಿಯ ಮೀನು! ಎಂತದೂ ಇಲ್ಲ. ಒಂದು ಗಸಿಗೆ ಸಾಕು," ಎಂದ ಅಪ್ಪ, ಒಂದು ಹೊತ್ತಿನ ಮೀನುಸಾರಿಗಷ್ಟೇ ಆದೀತು ಎಂಬಂತೆ ಮುಖ ಸಣ್ಣ ಮಾಡಿ. "ನಿನ್ನ ಸೊಂಟ ಹೇಗುಂಟು?"

"ಭಾರೀ ಉಷಾರು! ಓಡಬಹುದು ಈಗ," ಎಂದು ಗಿರಿಯಣ್ಣ ಬೇಲಿಯ ಗೂಟ ಹಿಡಿದು, ಹಲ್ಲು ಕಚ್ಚಿ, ಇನ್ನೊಂದು ಹೆಜ್ಜೆ ಇಟ್ಟ.

ಇಬ್ಬರೂ ತಲೆಯಾಡಿಸಿದರು. ಇಬ್ಬರಿಗೂ ಎಲ್ಲ ಗೊತ್ತಾಯಿತು. ಗಿರಿಯಣ್ಣ ಹೋದ ಮೇಲೆ ಅಪ್ಪ ಒಳಗೆ ಕೂಗಿ ಹೇಳಿದ: "ಕಲ್ಯಾಣೀ, ಗಿರಿಗೆ ಸೊಂಟ ಬಿದ್ದೇ ಹೋಗಿದೆ ಪಾಪ. ಒಂದು ಹತ್ತು ಕಾಣೆ ಅವನ ಮನೆಗೆ ಕೊಟ್ಟು ಬಾ."

ಹರಿಣಾಕ್ಷಿ ಬುಟ್ಟಿ ನೋಡಿದಳು. ಅಪ್ಪನನ್ನು ನೋಡಿದಳು. ಅವಳ ಕಿವಿಗೆ ಈ ಮಾತು ಸಾವಿರ ಸಲ ಬಿದ್ದಿತ್ತು. ನಡುಗುದ್ರಿನಲ್ಲಿ ಯಾರೂ ತುಂಬಿದ ಬಲೆಯನ್ನು ತುಂಬಿದೆ ಎನ್ನುವುದಿಲ್ಲ. ಸಮುದ್ರ ಕೇಳಿಸಿಕೊಂಡರೆ ನಾಳೆ ಕೊಡುವುದಿಲ್ಲ, ಜನ ಕೇಳಿಸಿಕೊಂಡರೆ ಕಣ್ಣು ಬೀಳುತ್ತದೆ. ಹಾಗೆಯೇ ಬರಿ ಬಲೆಯನ್ನು ಬರಿದು ಎಂದೂ ಹೇಳುವುದಿಲ್ಲ. ಹೇಳಿದರೆ ಮಂದಿ ಅಯ್ಯೋ ಎನ್ನುತ್ತಾರೆ, ಆ ಅಯ್ಯೋ ಮನೆಗೆ ಒಳ್ಳೆಯದಲ್ಲ. ಒಳ್ಳೆಯದಕ್ಕೆ ಇಲ್ಲ ಎನ್ನಬೇಕು, ಕೆಟ್ಟದ್ದಕ್ಕೆ ಅಡ್ಡಿಲ್ಲ ಎನ್ನಬೇಕು. ಇಲ್ಲಿ ಹುಟ್ಟಿದ ಮಗು ನಡೆಯುವುದಕ್ಕೆ ಮೊದಲೇ ಇದನ್ನು ಕಲಿಯುತ್ತದೆ.

ಬಳೆಗೂ ಅವರು ಹಾಗೇ ಉತ್ತರ ಕೊಟ್ಟಿದ್ದರು.

ಒಂದು ಸಂಜೆ ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ವಾಲಿಬಾಲ್ ಕಪ್ಪು ಗೆದ್ದು, ಮೈಯೆಲ್ಲ ಮರಳು ಮಾಡಿಕೊಂಡು, ಸೋಡಾ ಕುಡಿಯುತ್ತಾ ಬಂದಿದ್ದ ನಿಶಿತ್. ಬಳೆ ಟಿಕ್ ಎಂದು ಕೇಳಿತು. ಅವನು ನಗು ತಡೆಯಲಾರದೆ "ಎರಡು" ಎಂದ. ಪಕ್ಕದಲ್ಲಿ ಕೂತಿದ್ದ ಇವಳು, ಪರಿಶೀಲಿಸುವ ಅಧಿಕಾರಿ, ಸರಿ ಎಂದು ಒತ್ತಿದಳು. ಇವರ ಮನೆಯ ಅಜ್ಜಿ ತೀರಿಹೋದ ಮರುದಿನ ಊದಿದ ಕಣ್ಣಿನಲ್ಲಿ ಅವನು "ಎಂಟು ಅಕ್ಕ, ಎಂತ ತೊಂದರೆ ಇಲ್ಲ" ಎಂದ. ಅದಕ್ಕೂ ಸರಿ ಎಂದು ಒತ್ತಿದಳು. ದೆಹಲಿಯಿಂದ ಬಂದ ಅಧಿಕಾರಿಯಾಗಿದ್ದರೆ ಹುಬ್ಬೇರಿಸುತ್ತಿದ್ದ. ಊರಿನವಳ ಕಿವಿಗೆ ಎರಡೂ ಉತ್ತರ ಸಹಜವಾಗಿಯೇ ಕೇಳಿಸಿದ್ದವು. ಯಂತ್ರಕ್ಕೆ ಇವರು ಕಲಿಸಿದ್ದು ಇಷ್ಟೇ: ಮೈ ಅರಳಿದರೆ ಎರಡು, ಮೈ ಮುದುಡಿದರೆ ಎಂಟು. ಯಾವ ದೇಶದ ತಿದ್ದುಪಡಿಯೂ ಇದನ್ನು ಹಿಡಿಯುವಂತಿರಲಿಲ್ಲ. ಜಗತ್ತಿನ ಜನ ಸಂತೋಷವನ್ನು ಹೆಚ್ಚು ಹೇಳುತ್ತಾರೆ ಅಥವಾ ಕಡಿಮೆ ಹೇಳುತ್ತಾರೆ, ತಲೆಕೆಳಗು ಮಾಡಿ ಹೇಳುವವರು ಇದ್ದಾರೆಂದು ಯಾರು ಎಣಿಸಿದ್ದರು?

"ಅಪ್ಪಾ, ನಿಶಿ ಎಲ್ಲಿದ್ದಾನೆ? ಕೇಳಬಾರದು ಅಂತ ಗೊತ್ತುಂಟು. ಆದ್ರೂ ಹೇಳು."

ಅಪ್ಪ ಮೂಗಿನಲ್ಲೇ ನಕ್ಕ. "ಐಸ್ ಪ್ಲಾಂಟಿನ ಹಿಂದೆ. ನಾನು ನೋಡ್ಲಿಲ್ಲ ಅಂತ ಎಣಿಸಿದ್ದಾನೆ, ನನಗೆ ಗೊತ್ತಿಲ್ಲದ ಹಾಗೆ ನನ್ನ ಅಪ್ಪನ ದೋಣಿ ರಿಪೇರಿ ಮಾಡ್ತಾ ಇದ್ದಾನೆ."

ಐಸ್ ಪ್ಲಾಂಟಿನ ಹಿಂದೆ ಕೂಗು, ನಗು, ಬಡಿಯುವ ಸದ್ದು. ಹುಟ್ಟು ಹಾಕಿ ನಡೆಸುವ ಹಳೆಯ ಮರದ ದೋಣಿಯೊಂದು ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತಾ ನೀರಿಗೆ ಮುಖ ಮಾಡಿ ನಿಂತಿತ್ತು. ಸುತ್ತ ಐದಾರು ಹುಡುಗರು. ನಿಶಿತ್ ದೋಣಿಯ ಮೂತಿಯ ಮೇಲೆ ಕೂತು ಏನೋ ಅಶ್ಲೀಲ ಹಾಡು ಹೇಳುತ್ತಿದ್ದವನು ಅಕ್ಕನನ್ನು ಕಂಡು ಜಾರಿ ಕೆಳಗೆ ಬಿದ್ದ.

ಅವಳು ಹೋಗಿ ಅವನ ಕಿವಿ ಹಿಡಿದಳು. ಆಮೇಲೆ ಅಪ್ಪಿಕೊಂಡಳು. ಆಮೇಲೆ ಮತ್ತೆ ಕಿವಿ ಹಿಡಿದಳು.

"ಮಂಡೆ ಸಮ ಉಂಟಾ ನಿನಗೆ? ಫೋನ್ ಯಾಕೆ ಆಫ್?"

"ಒದ್ದೆ ಆಗ್ತದಲ್ಲ ಅಕ್ಕ! ಬಿಡು, ಬಿಡು, ಇವರೆಲ್ಲ ನೋಡ್ತಿದ್ದಾರೆ."

"ಇದೆಲ್ಲ ಎಂತ?"

"ನಿಮ್ಮದೇ ಕೃಪೆ ಅಕ್ಕ," ಎಂದ ಅವನ ಗೆಳೆಯ ಅಫ್ರಾಜ್, ಉಳಿ ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿ ಸಲಾಂ ಮಾಡುತ್ತಾ. "ನಮ್ಮ ಬೈಕು ಸ್ಟಾರ್ಟ್ ಆಗುದಿಲ್ಲ, ಬೋಟು ಸ್ಟಾರ್ಟ್ ಆಗುದಿಲ್ಲ. ಹುಟ್ಟಿಗೆ ಎಂಜಿನ್ ಇಲ್ಲ, ಬೀಗ ಹಾಕ್ಲಿಕ್ಕೆ ಆಗುದಿಲ್ಲ. ಒಟ್ರಾಶಿ ಇದೊಂದೇ ಉಳಿದದ್ದು. ಮೂರು ದಿನದಿಂದ ಊಟವೂ ಇಲ್ಲೇ. ಗಮ್ಮತ್ತು ಅಂದ್ರೆ..." ಎಂದವನು ಥಟ್ಟನೆ ನಾಲಿಗೆ ಕಚ್ಚಿಕೊಂಡ. "ಗಮ್ಮತ್ತು ಎಂತದೂ ಇಲ್ಲ. ಸುಮ್ಮನೆ."

ನಿಶಿತ್‌ನ ಬಳೆ ಒಂದು ಪಾಯಿಂಟ್ ಎರಡು ತೋರಿಸುತ್ತಿತ್ತು. ಅವನ ಮುಖ ನೋಡಿದವರಿಗೆ ಅಂಕ ಬೇಕಾಗಿರಲಿಲ್ಲ. ಹರಿಣಾಕ್ಷಿ ಮರಳಿನ ಮೇಲೆ ಕೂತಳು. ಯಂತ್ರ ಬೀಗ ಹಾಕಿತು, ಬೀಗದಿಂದ ಇವರು ದೋಣಿ ಹುಡುಕಿದರು, ದೋಣಿಯಿಂದ ಖುಷಿಯಾದರು, ಖುಷಿಯಿಂದ ಇನ್ನೂ ಕೆಂಪಾದರು. ಅವಳಿಗೆ ನಗು ಬಂತು. ತಡೆಯಲಾಗದಷ್ಟು ಬಂತು.

"ನಾಲ್ಕು ಗಂಟೆಗೆ ಅಳಿವೆ ಬಾಗಿಲು ದಾಟ್ತೇವೆ," ಎಂದ ನಿಶಿತ್, ನದಿ ಸಮುದ್ರಕ್ಕೆ ಸೇರುವ ಕಡೆ ಕೈ ತೋರಿಸಿ. ಅಲ್ಲಿ ಬಿಳಿ ನೊರೆ ಎದ್ದು ಬೀಳುತ್ತಿತ್ತು. "ಅಪ್ಪನಿಗೆ ಹೇಳ್ಬೇಡ."

ಅವಳ ನಗು ನಿಂತಿತು. ಹದಿನೇಳರಲ್ಲಿ ಅವಳೂ ಅದನ್ನು ಈಜಿ ದಾಟಿದ್ದಳು. ಅವತ್ತಿನಷ್ಟು ಖುಷಿಯ ದಿನ ಆಮೇಲೆ ಇನ್ನೊಂದು ಬಂದಿರಲಿಲ್ಲ. ಯೋಜನೆಯ ಆ ಒಂದೇ ವಾಕ್ಯದಲ್ಲಿ ಈ ಅಪಾಯಕ್ಕೆ ಜಾಗವೇ ಇರಲಿಲ್ಲ. ಬೈಯಲೆಂದು ಬಾಯಿ ತೆರೆದವಳಿಗೆ ಥಟ್ಟನೆ ಇನ್ನೊಂದು ಹೊಳೆಯಿತು.

ಕೆಂಪು ಎಂದರೆ ಇದು. ಹಾಗಾದರೆ ಹಸಿರು?

ಅವಳು ಲಸ್ರಾದೊಗೆ ಫೋನು ಮಾಡಿದಳು. "ಸರ್, ನಡುಗುದ್ರಿನಲ್ಲಿ ಹಸಿರು ಎಷ್ಟುಂಟು?"

"ಒಂದೇ ಒಂದು. ಉಳಿದ ನಾಲ್ಕು ಹಳದಿ. ನಿಮ್ಮ ಪುರಾವೆ ಎಲ್ಲಿ?"

"ಆ ಹಸಿರು ಈಗ ಎಷ್ಟು?"

"ಒಂಬತ್ತು ಪಾಯಿಂಟ್ ಆರು. ಹನ್ನೊಂದು ದೇಶದಲ್ಲೇ ಇವತ್ತಿನ ದಾಖಲೆ ಮಾರಾಯ್ರೆ."

"ಎಲ್ಲಿದ್ದಾಳೆ?"

ಜಾಗ ಹೇಳುವಂತಿಲ್ಲ ಎಂಬ ನಿಯಮವನ್ನೂ ಅವರೇ ಬರೆದಿದ್ದರು. "ಹರಿಣಾಕ್ಷಿ, ನಿಮ್ಮ ದನಿ ಸರಿ ಇಲ್ಲ. ಅಳಿವೆಯ ಆಚೆ, ಮರಳ ದಿಬ್ಬದ ತುದಿಯಲ್ಲಿ. ನಲವತ್ತು ನಿಮಿಷದಿಂದ ಅಲುಗಲಿಲ್ಲ. ಸುಖವಾಗಿ ಕೂತು ಸಮುದ್ರ ನೋಡ್ತಾ ಇರ್ಬೇಕು."

"ಸರ್, ಇಲ್ಲಿ ಎಲ್ಲ ತಲೆಕೆಳಗು. ಆಮೇಲೆ ವಿವರ ಹೇಳ್ತೇನೆ. ನೀರು ಇಳಿದಾಗ ನಡ್ಕೊಂಡು ಹೋಗಿರ್ಬೇಕು, ಈಗ ಉಬ್ಬರ ಶುರುವಾಗಿದೆ. ಆ ದಿಬ್ಬ ಒಂದು ಗಂಟೆಯಲ್ಲಿ ಮುಳುಗ್ತದೆ."

ಫೋನು ಇಟ್ಟು ತಿರುಗಿದಾಗ ಹುಡುಗರೆಲ್ಲ ಕೆಲಸ ಬಿಟ್ಟು ಹತ್ತಿರ ಬಂದಿದ್ದರು.

"ಲಿಖಿತಾ?" ಎಂದ ನಿಶಿತ್. "ಬೆಳಿಗ್ಗೆ ಸಿಕ್ಕಿದ್ಲು. ಹೇಗುಂಟು ಓದೆಲ್ಲ ಅಂತ ಕೇಳಿದೆ. ಫಸ್ಟ್ ಕ್ಲಾಸ್ ಅಂದ್ಲು." ಹೇಳುತ್ತಾ ಹೇಳುತ್ತಾ ಅವನ ಮುಖ ಬಿಳುಪೇರಿತು. ನಡುಗುದ್ರಿನಲ್ಲಿ ಓದು ಚೆನ್ನಾಗಿ ನಡೆಯುತ್ತಿರುವವರು ಯಾರೂ ಫಸ್ಟ್ ಕ್ಲಾಸ್ ಎನ್ನುವುದಿಲ್ಲ.

ಮೋಟಾರು ದೋಣಿಗಳು ದಡದಲ್ಲಿ ಸಾಲಾಗಿದ್ದವು. ಈ ಹುಡುಗರಲ್ಲಿ ಯಾರು ಹತ್ತಿದರೂ ಎಂಜಿನ್ನು ಬಂದ್. ಹಿರಿಯರನ್ನು ಹುಡುಕಿ ಕರೆತರಲು ಸಮಯವಿಲ್ಲ. ಹರಿಣಾಕ್ಷಿ ಹಳೆಯ ದೋಣಿಯ ಅಂಚಿಗೆ ಭುಜ ಕೊಟ್ಟಳು. ಯಾರೂ ಏನೂ ಹೇಳಬೇಕಾಗಲಿಲ್ಲ. ದೋಣಿ ಮರಳಿನ ಮೇಲೆ ಕಿರುಗುಟ್ಟಿ ನೀರಿಗೆ ಇಳಿಯಿತು.

"ಚುಕ್ಕಾಣಿ ಯಾರದ್ದು?" ಎಂದು ಹಿಂದಿನಿಂದ ದನಿ ಬಂತು. ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಮೊಣಕಾಲು ನೀರಿನಲ್ಲಿ ನಿಂತಿದ್ದ.

"ನನ್ನದು," ಎಂದ ನಿಶಿತ್, ಸಣ್ಣ ದನಿಯಲ್ಲಿ.

"ಎಷ್ಟು ಸಲ ದಾಟಿದ್ದೀ?"

"...ದಾಟ್ಲಿಲ್ಲ."

"ಹಾಗಾದ್ರೆ ಹುಟ್ಟು ಹಿಡಿ. ಇದು ನನಗೆ ಕೊಡು. ಮುಂದಿನ ಸಲ ಕದ್ದು ದೋಣಿ ಕಟ್ಟುವಾಗ ನನ್ನನ್ನೂ ಕರಿ ಮಾರಾಯ, ಮನೆಯಲ್ಲಿ ಕೂತು ಬೇಜಾರಾಗ್ತದೆ."

ಅಳಿವೆಯ ಹತ್ತಿರ ನೀರು ಎರಡು ಬಣ್ಣವಾಗಿತ್ತು. ಕೆಂಪು ಹೊಳೆ ಒಂದು ಕಡೆ, ಬೂದಿ ಸಮುದ್ರ ಇನ್ನೊಂದು ಕಡೆ, ನಡುವೆ ಎದ್ದು ನಿಂತ ಅಲೆಯ ಗೋಡೆ. ಹರಿಣಾಕ್ಷಿಯ ಫೋನು ಸೊಂಟದಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕೊನೆಗೆ ಒಂದು ಕೈಯಲ್ಲಿ ಎತ್ತಿದಳು.

"ಹರಿಣಾಕ್ಷಿ!" ಲಸ್ರಾದೊ ಕೂಗುತ್ತಿದ್ದರು. "ಆರು ಕೆಂಪು ಚುಕ್ಕಿ ಅಳಿವೆಗೆ ಇಳೀತಾ ಉಂಟು! ಎಲ್ಲ ಒಂದಕ್ಕಿಂತ ಕೆಳಗೆ! ಯಂತ್ರ ಕಿರುಚ್ತಾ ಉಂಟು ಇಲ್ಲಿ!"

"ಅವು ಹಸಿರು ಚುಕ್ಕಿ ತರ್ಲಿಕ್ಕೆ ಹೋಗ್ತಾ ಇವೆ ಸರ್. ನಾನೂ ಇದ್ದೇನೆ, ನನ್ನ ಅಪ್ಪನೂ ಇದ್ದಾನೆ."

"ಸುಮ್ಮನೆ ಹುಟ್ಟು ಹಿಡಿ," ಎಂದ ಅಪ್ಪ. ಅವನ ಕಣ್ಣು ಅಲೆಯ ಮೇಲೇ ಇತ್ತು. "ಒಂದು ಹೋಗಲಿ. ಎರಡು ಹೋಗಲಿ. ಯಾರೂ ಗಡಿಬಿಡಿ ಮಾಡುದು ಬೇಡ. ಮೂರನೆಯದು ದೊಡ್ಡದು, ಅದೂ ಹೋಗಲಿ. ಈಗ! ಎಳೀರಿ! ಎಳೀರಿ ಮಕ್ಕಳೇ!"

ದೋಣಿಯ ಮೂತಿ ಆಕಾಶ ನೋಡಿತು, ಆಮೇಲೆ ದೊಪ್ಪನೆ ಕೆಳಗೆ ಬಿತ್ತು. ಉಪ್ಪು ನೀರು ಕಣ್ಣು ಮೂಗು ಬಾಯಿ ಎಲ್ಲ ತುಂಬಿತು. ಅಫ್ರಾಜ್ ಅಲ್ಲಾ ಎಂದ, ಇನ್ನೊಬ್ಬ ಅಮ್ಮಾ ಎಂದ. ಅಷ್ಟರಲ್ಲಿ ನೀರು ಸಮತಟ್ಟಾಯಿತು. ಅವರು ದಾಟಿದ್ದರು.

ಲಿಖಿತಾ ದಿಬ್ಬದ ತುದಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಕಾಲೇಜಿನ ಚೀಲ ಬೆನ್ನಿಗೆ ಹಾಕಿಕೊಂಡೇ ಇದ್ದಳು. ನೀರು ಅವಳ ಹಿಮ್ಮಡಿ ದಾಟಿ ಸೊಂಟದ ಸುತ್ತ ಸರಿದಾಡುತ್ತಿತ್ತು. ಹರಿಣಾಕ್ಷಿ ಹುಡುಗರನ್ನು ದೋಣಿಯಲ್ಲೇ ಇರಲು ಹೇಳಿ ತಾನೊಬ್ಬಳೇ ಇಳಿದು ನಡೆದಳು.

"ಎಂತ ಮಾಡ್ತಾ ಇದ್ದೀ ಇಲ್ಲಿ?"

"ಎಂತದೂ ಇಲ್ಲಕ್ಕ. ಸುಮ್ಮನೆ. ಎಲ್ಲ ಸರಿ ಉಂಟು."

ಅವಳ ದನಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಬಳೆ ಹಸಿರಾಗಿ ಹೊಳೆಯುತ್ತಿತ್ತು. ಹರಿಣಾಕ್ಷಿ ಅವಳ ಪಕ್ಕದಲ್ಲಿ, ನೀರಿನಲ್ಲೇ, ಸೀರೆಯುಟ್ಟುಕೊಂಡೇ ಕೂತಳು. ಹುಟ್ಟಿದಂದಿನಿಂದ ಈ ಊರಿನಲ್ಲಿ ಯಾರೂ ಗಟ್ಟಿಯಾಗಿ ಹೇಳಿದ್ದನ್ನು ತಾನು ಕೇಳಿರದ ಮಾತೊಂದನ್ನು ಹೇಳಿದಳು.

"ನನಗೆ ಸರಿ ಇಲ್ಲ ಮಾರಾಯ್ತಿ. ನಾನು ದೊಡ್ಡ ತಪ್ಪು ಮಾಡಿದ್ದೇನೆ. ನೀನು ಬೇಜಾರಲ್ಲಿದ್ದದ್ದನ್ನು ಎರಡು ತಿಂಗಳಿಂದ ದಿನಾ ನೋಡ್ತಾ ಇದ್ದೆ. ನೋಡಿ ನಿನಗೆ ಬಹುಮಾನ ಕೊಟ್ಟೆ. ಪೋಸ್ಟರ್ ಮಾಡಿ ಕಂಬಕ್ಕೆ ಹಚ್ಚಿದೆ. ನನ್ನಷ್ಟು ಮಂಡೆ ಇಲ್ಲದವರು ಯಾರೂ ಇಲ್ಲ."

ಲಿಖಿತಾ ಮೊದಲ ಬಾರಿಗೆ ತಿರುಗಿ ನೋಡಿದಳು. ಒಂದು ಅಲೆ ಬಂದು ಇಬ್ಬರ ಮಡಿಲಿಗೂ ನೊರೆ ಸುರಿದು ಹೋಯಿತು.

"ಫೇಲಾಗಿದ್ದೇನೆ ಅಕ್ಕ," ಎಂದಳು. "ನಾಲ್ಕು ಸಬ್ಜೆಕ್ಟು. ಹಾಜರಿಯೂ ಇಲ್ಲ ಅಂತ ಕಾಲೇಜಿಂದ ತೆಗೆದ್ರು. ದಿನಾ ಚೀಲ ಹಾಕ್ಕೊಂಡು ಹೋಗಿ ಬಸ್‌ಸ್ಟ್ಯಾಂಡಲ್ಲಿ ಕೂತು ಬರ್ತೇನೆ. ಅಜ್ಜಿ ಕೇಳ್ತಾರೆ, ಒಳ್ಳೆಯದುಂಟು ಅಂತೇನೆ. ಪೋಸ್ಟರ್ ಬಂದ ಮೇಲೆ ಎಲ್ಲರೂ ಕೇಳ್ತಾರೆ, ಎಲ್ಲರಿಗೂ ಒಳ್ಳೆಯದುಂಟು ಅಂತೇನೆ. ಇವತ್ತು ನೀರು ಬರ್ತದೆ ಅಂತ ಗೊತ್ತಿತ್ತು. ಏಳಬೇಕು ಅಂತ ಅನಿಸ್ಲೇ ಇಲ್ಲ."

ಅಷ್ಟು ಹೇಳಿ ಅವಳು ಅತ್ತಳು. ಅಳು ಎಂದರೆ ಅಂಥಿಂಥ ಅಳುವಲ್ಲ, ಮೂಗು ಬಾಯಿ ಎಲ್ಲ ಸೇರಿದ, ಬಿಕ್ಕಳಿಕೆ ಬಂದು ಕೆಮ್ಮಿಗೆ ತಿರುಗಿದ ಅಳು. ಹರಿಣಾಕ್ಷಿ ಅವಳ ಬೆನ್ನಿಂದ ಚೀಲ ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡಳು.

"ಬಾ. ಅಪ್ಪ ದೋಣಿಯಲ್ಲಿ ಕಾಯ್ತಾ ಇದ್ದಾನೆ, ತಡ ಮಾಡಿದ್ರೆ ನನಗೆ ಬೈತಾನೆ. ಅಜ್ಜಿಗೆ ನಾವಿಬ್ಬರೂ ಸೇರಿ ಹೇಳುವ. ಇವತ್ತೇ. ನೀನು ಒಬ್ಬಳೇ ಹೇಳುದು ಬೇಡ."

ಲಿಖಿತಾ ಎದ್ದಳು. ದೋಣಿಯಲ್ಲಿ ನಿಶಿತ್ ತನ್ನ ಒದ್ದೆ ಶರ್ಟನ್ನೇ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. "ಒಣಗಲಿಕ್ಕೆ ಕೊಟ್ಟಿದ್ದಾ?" ಎಂದಳು ಅವಳು ಮೂಗು ಒರೆಸಿಕೊಳ್ಳುತ್ತಾ. ದೋಣಿಯೆಲ್ಲ ನಕ್ಕಿತು. ಮರಳುವಾಗ ಸಮುದ್ರವೇ ಅವರನ್ನು ಒಳಗೆ ತಳ್ಳಿತು.

ನಾಲ್ಕೂಮುಕ್ಕಾಲಿಗೆ ಬಿಳಿ ವ್ಯಾನು ಕಡವಿನಾಚೆ ಬಂದು ನಿಂತಿತ್ತು. ಚಾಲಕ ಕಾಲು ಹೊರಗೆ ಚಾಚಿ ಕಡಲೆ ತಿನ್ನುತ್ತಿದ್ದ. ಹರಿಣಾಕ್ಷಿ ಐಸ್ ಪ್ಲಾಂಟಿನ ಮೆಟ್ಟಿಲಿನ ಮೇಲೆ ಕೂತು, ಸೀರೆ ಹಿಂಡುತ್ತಾ, ಎಲ್ಲವನ್ನೂ ಲಸ್ರಾದೊಗೆ ಹೇಳಿದಳು. ಬುಟ್ಟಿ, ಗಿರಿಯಣ್ಣನ ಸೊಂಟ, ಸೋಡಾ, ಎರಡು, ಎಂಟು.

ಫೋನಿನ ಆ ಕಡೆ ಚಕ್ಕುಲಿ ಮುರಿದ ಸದ್ದು ಕೇಳಿಸಿತು.

"ನೀವು ದಿಬ್ಬದಲ್ಲಿದ್ದಾಗ ನಾನು ಗೋಡೆಯನ್ನೇ ನೋಡ್ತಾ ಇದ್ದೆ," ಎಂದರು ಲಸ್ರಾದೊ. "ಒಂಬತ್ತು ಪಾಯಿಂಟ್ ಆರು ಇಳಿದು ಒಂಬತ್ತಾಯ್ತು, ಎಂಟಾಯ್ತು. ಅವಳು ದೋಣಿ ಹತ್ತುವಾಗ ಆರೂವರೆ. ನನಗೆ ಎದೆ ಬಡಿತ ನಿಂತಿತ್ತು, ಹುಡುಗಿ ಹೋದ್ಲು ಅಂತ. ನೀವು ಹೇಳಿದ ಮೇಲೆ ಗೊತ್ತಾಯ್ತು, ಬದುಕಿದ್ಲು ಅಂತ. ವ್ಯಾನಿಗೆ ಹೇಳಿದ್ದೇನೆ, ವಾಪಸು ಬರ್ತದೆ. ಬೀಗವೂ ತೆಗೆದೆ. ಈಗ ಹನ್ನೊಂದು ದೇಶಕ್ಕೆ ಕಾರಣ ಬರೀಬೇಕು. ಎಂತ ಬರೀಲಿ?"

"ಒಂದು ಗಸಿಗೆ ಸಾಕು ಅಂತ ಬರೀರಿ ಸರ್."

"ಅಡಿಟಿಪ್ಪಣಿ ಬೇಕಾದೀತು," ಎಂದು ಅವರು ನಿಟ್ಟುಸಿರಿಟ್ಟರು. "ಆದ್ರೆ ಹರಿಣಾಕ್ಷಿ, ಖುಷಿಯಲ್ಲಿರುವ ಹುಡುಗರೂ ಅಳಿವೆಗೆ ಇಳೀತಾರೆ ಅಂತಾದ್ರೆ ನಮ್ಮ ಇಡೀ ವಾಕ್ಯವೇ..."

"ಅದಕ್ಕೆ ಬಳೆ ಸಾಕಾಗುದಿಲ್ಲ ಸರ್. ಚುಕ್ಕಾಣಿ ಹಿಡಿಯುವವರು ಒಬ್ಬರು ಬೇಕು."

ಹೊಳೆಯಾಚೆ ಒಂದು ಸ್ಕೂಟರು ಕೆಮ್ಮಿತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ಹಾರನ್ನುಗಳು ಒಟ್ಟಿಗೆ ಕೂಗತೊಡಗಿದವು. ವ್ಯಾನು ಆ ಗಲಾಟೆಯ ನಡುವೆ ದಾರಿ ಮಾಡಿಕೊಂಡು ಹಿಂದೆ ಹೋಯಿತು.

ಆಗಸ್ಟ್ ಕೊನೆಯ ಭಾನುವಾರ ಹರಿಣಾಕ್ಷಿ ಮನೆಗೆ ಬಂದಾಗ ಅಂಗಳದಲ್ಲಿ ಅಮ್ಮ ಮತ್ತು ಲಿಖಿತಾ ಬಂಗುಡೆ ಹೆಚ್ಚುತ್ತಿದ್ದರು. ಲಿಖಿತಾಳ ಅಜ್ಜಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತಾನೇ ಮೊಮ್ಮಗಳ ಕೈ ಹಿಡಿದು ಆಸ್ಪತ್ರೆಯ ಆಪ್ತಸಲಹೆಗಾರರ ಬಳಿಗೆ ಕರೆದೊಯ್ದಿದ್ದಳು. ಫಿಸಿಯೋಥೆರಪಿಯನ್ನು ಲಿಖಿತಾ ಬಿಟ್ಟಿದ್ದಳು. ಈಗ ಹುಡುಗರ ಜೊತೆ ದೋಣಿಗೆ ಹೋಗುತ್ತಾಳೆ, ದೂಮಪ್ಪನ ಹತ್ತಿರ ಅಲೆ ಎಣಿಸಲು ಕಲಿಯುತ್ತಿದ್ದಾಳೆ, ನಿಶಿತ್‌ಗಿಂತ ಚೆನ್ನಾಗಿ ಎಣಿಸುತ್ತಾಳೆ ಎಂದು ಅಪ್ಪ ಯಾರಿಗೂ ಹೇಳುವುದಿಲ್ಲ. ಕಂಬದ ಪೋಸ್ಟರು ಮಳೆಗೆ ಕರಗಿ ಹೋಗಿತ್ತು. ಬಳೆಗಳು ಹೊಸ ಪಾಠಕ್ಕೆಂದು ಕೇಂದ್ರಕ್ಕೆ ಹೋಗಿದ್ದವು. ಆ ಪಾಠ ಹೇಗಿರಬೇಕೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಹರಿಣಾಕ್ಷಿ ಮಣೆ ಎಳೆದು ಲಿಖಿತಾಳ ಎದುರು ಕೂತಳು. ಸುಮ್ಮನೆ, ಬಳೆಯ ದನಿಯನ್ನೇ ಅಣಕಿಸಿ ಕೇಳಿದಳು:

"ಈಗ ನಿಮ್ಮ ಬದುಕಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ?"

ಅಮ್ಮನ ಕತ್ತಿ ನಿಂತಿತು. ಬಾವಿಯ ಬಳಿ ಮುಖ ತೊಳೆಯುತ್ತಿದ್ದ ನಿಶಿತ್ ನೀರು ತೊಟ್ಟಿಕ್ಕುವ ಮುಖ ಎತ್ತಿದ. ಜಗಲಿಯಲ್ಲಿ ಅಪ್ಪ ಏನೂ ಕೇಳಿಸದವನಂತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಲೇ ಇದ್ದ, ಒಂದೇ ಎಲೆಗೆ ಮೂರು ಬಾರಿ.

ಲಿಖಿತಾ ಬಂಗುಡೆಯ ತಲೆ ತೆಗೆದು ಬದಿಗಿಟ್ಟಳು. ಯೋಚಿಸಿದಳು.

"ಮೂರು," ಎಂದಳು. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಬೇಲಿಯ ಕಡೆ ನೋಡಿ, ದನಿ ತಗ್ಗಿಸಿದಳು. "ಜಾಸ್ತಿ ಹೇಳಿದ್ನಾ ಎಂತದಾ. ಎರಡೂವರೆ ಅಂತ ಬರ್ಕೊಳ್ಳಿ."